ಕೂಗದ ಕಟ್ಟ

ತಾರಿಪಟ್ಟಣದ ಮೀನು ಮಾರುಕಟ್ಟೆ ದಾಟಿ ಕಡಲಿನತ್ತ ನಡೆದರೆ, ಹೊಳೆಯ ದಂಡೆಗುಂಟ ಕೆಂಪುಕಲ್ಲಿನ ಹಳೆಯ ಒಡ್ಡು ಸಿಗುತ್ತದೆ. ಅದರ ನಡುವೆ ನಗರಸಭೆಯವರು ಕಬ್ಬಿಣದ ಬಾಗಿಲು ಕೂರಿಸಿ, ಪಕ್ಕದಲ್ಲೊಂದು ಪಂಪುಮನೆ ಕಟ್ಟಿದ್ದಾರೆ. ಬಾಗಿಲ ಬುಡದಲ್ಲಿ ಮೊಣಕಾಲೆತ್ತರದ ಕಲ್ಲಿದೆ, ಕಲ್ಲಿನಲ್ಲಿ ಬಾಯಿಗೆ ಸೆರಗು ಒತ್ತಿ ಹಿಡಿದ ಹೆಂಗಸಿದ್ದಾಳೆ. ಹೊರಗಿನವರು ಅವಳನ್ನು ನಾಚಿಕೆಯವಳೆಂದು ತಿಳಿದು ನಗುತ್ತಾರೆ, ಊರಿನವರು ನಗುವುದಿಲ್ಲ. ಒಡ್ಡಿಗೆ ಕೂಗದ ಕಟ್ಟವೆಂಬ ಹೆಸರು ಬಂದದ್ದು ಅವಳಿಂದಲೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಪಟ್ಟಣ ಹತ್ತು ಮಳಿಗೆಯ ಬಂದರಾಗಿದ್ದ ಕಾಲದಲ್ಲಿ, ಕಟ್ಟದ ಆಚೆ ಇದ್ದದ್ದು ಬರೀ ಗಜನಿ, ಉಪ್ಪುನೀರು ಬಂದುಹೋಗುವ ತಗ್ಗುಗದ್ದೆ. ಆಷಾಢದ ನೆರೆಗೆ ಕಡಲಿನ ಉಬ್ಬರ ಎದುರು ನಿಂತಾಗ ಕಟ್ಟದ ಹಲಗೆ ಎಳೆದು ಹೊಳೆಯನ್ನು ಗಜನಿಗೆ ಬಿಡುತ್ತಿದ್ದರು, ಪಟ್ಟಣ ಉಳಿಯುತ್ತಿತ್ತು. ಎಳೆಯುವ ಮೊದಲು ಮೂರು ಕೂಗು ಹಾಕಬೇಕು. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಎಲೆಯಡಿಕೆಯ ಒಂದು ಕವಳ ಜಗಿದು ಉಗಿಯುವಷ್ಟು ಹೊತ್ತು ಕಾಯಬೇಕು, ದನ ಮೇಯಿಸುವವರು, ಏಡಿ ಹಿಡಿಯುವವರು ಮೇಲೆ ಬರಲಿ ಎಂದು. ಆ ಕೂಗು ಅಂಬಿಗರ ಸಣ್ಣಿಯ ಮನೆತನದ್ದು. ಗಂಡ ಸತ್ತ ಮೇಲೆ ಅವಳೇ ಕೂಗುತ್ತಿದ್ದಳು, ಅಳಿವೆಯಾಚೆಯ ದೋಣಿಯವರೂ ತಲೆಯೆತ್ತುವಂಥ ಗಂಟಲು ಅವಳದು.

ಬಂದರು ಬೆಳೆಯಿತು. ಹೊರೆ ಹೊರುವ ಹಮಾಲರಿಗೆ ಮನೆ ಬೇಕಾಯಿತು. ಊರಾಳುತ್ತಿದ್ದ ಪಟ್ಟಣಶೆಟ್ಟಿ ದುಗ್ಗಪ್ಪ ಗಜನಿಗೆ ಒಂದಿಷ್ಟು ಮಣ್ಣು ಸುರಿಸಿ ಅವರನ್ನು ಅಲ್ಲೇ ಇಳಿಸಿದ. ಸಣ್ಣಿ ತಡೆಯಲಾರದೆ ಹೋಗಿ ಹೇಳಿದಳು: "ಒಡ್ಯಾ, ಅದು ನೀರು ಕೂರೂ ಜಾಗ. ಜನ ಕೂತ್ರೆ ನೀರು ಎಲ್ಲಿ ಹೋಗೂದು?"

"ನೀರು ವರ್ಷಕ್ಕೆ ನಾಕು ದಿನದ ನೆಂಟ. ಹಮಾಲರು ದಿನಾ ಬೇಕು," ಎಂದ ದುಗ್ಗಪ್ಪ. ಲೆಕ್ಕ ಅವನಿಗೆ ಚೆನ್ನಾಗಿ ಬರುತ್ತಿತ್ತು. ಮರುವರ್ಷ ಸಣ್ಣಿಯ ಒಬ್ಬಳೇ ಮಗಳು ನೀಲಿ ಒಬ್ಬ ಹಮಾಲನ ಕೈಹಿಡಿದು ಅದೇ ಗಜನಿಗೆ ಸೊಸೆಯಾಗಿ ಹೋದಳು.

ಎರಡು ಆಷಾಢ ಹೊಳೆ ದಂಡೆ ಮೀರದೆ ಕಳೆದವು, ಮೂರನೆಯದರಲ್ಲಿ ನೆರೆ ಬಂತು. ಹಾಡುಹಗಲೇ ಹೊಳೆ ಮಳಿಗೆಗಳ ಹೊಸ್ತಿಲು ನೆಕ್ಕತೊಡಗಿತು. ಸಣ್ಣಿ ಕಟ್ಟವೇರಿ ಕೂಗಲು ಬಾಯಿ ತೆರೆದಳು. ಹಿಂದೆಯೇ ಏರಿಬಂದ ದುಗ್ಗಪ್ಪ ಅವಳ ಸೆರಗಿನ ತುದಿಯನ್ನೇ ಎತ್ತಿ ಅವಳ ಬಾಯಿಗೆ ಅಡ್ಡ ಹಿಡಿದ. "ಕೂಗಬೇಡ. ಕೂಗಿದ್ರೆ ಅವರೆಲ್ಲ ಓಡಿಬಂದು ಹಲಗೆ ಮೇಲೇ ಕೂತ್ಕೊಳ್ತಾರೆ, ಎಳೆಯೂಕೆ ಬಿಡೂದಿಲ್ಲ. ನಿನ್ನ ಬಸುರಿ ಮಗಳನ್ನ ಬೆಳಿಗ್ಗೇನೇ ನನ್ನ ಉಗ್ರಾಣಕ್ಕೆ ಕರ್ಸಿದ್ದೆ. ಅವಳು ಕ್ಷೇಮ. ಇನ್ನೇನು ಬೇಕು ನಿಂಗೆ?"

ಸಣ್ಣಿ ಗಜನಿಯ ಕಡೆ ನೋಡಿದಳು. ಒಲೆಗಳಿಂದ ಹೊಗೆ ಏಳುತ್ತಿತ್ತು. ಯಾರೂ ಗಂಟು ಕಟ್ಟುತ್ತಿರಲಿಲ್ಲ, ಕೂಗು ಬಂದಿರಲಿಲ್ಲವಲ್ಲ. ಮಗಳು ಉಳಿದಳೆಂಬ ನೆಮ್ಮದಿ ಅವಳಿಗಾಯಿತು. ಆ ನೆಮ್ಮದಿಗೆ ಅವಳು ಆಮೇಲೆ ಬದುಕಿರುವಷ್ಟು ಕಾಲವೂ ಹೇಸಿದಳು. ಸೆರಗನ್ನು ತಾನೇ ಬಾಯಿಗೆ ತುರುಕಿಕೊಂಡು ಹಲಗೆ ಎಳೆದಳು.

ಪಟ್ಟಣ ಉಳಿಯಿತು, ಒಂದು ಮೂಟೆ ಮೆಣಸೂ ನೆನೆಯಲಿಲ್ಲ. ಸಂಜೆ ಮಗಳನ್ನು ಹುಡುಕಿಕೊಂಡು ಉಗ್ರಾಣಕ್ಕೆ ಹೋದ ಸಣ್ಣಿಗೆ ಅಕ್ಕಿ ಕೇರುತ್ತಿದ್ದ ಹೆಂಗಸರು ಹೇಳಿದರು: "ನೀಲಿ ಬಂದಿತ್ತು. ಮಧ್ಯಾಹ್ನ, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕೊಟ್ಟು ಬರ್ತೆ ಅಂತ ಇಳಿದು ಹೋಯ್ತು. ಬೇಡ ಅಂದ್ವಿ. 'ಹೆದರೂದೆಂತಕ್ಕೆ? ನಮ್ಮವ್ವಿ ಕೂಗ್ದೆ ಹಲಗೆ ಎಳೆಯೂದಿಲ್ಲ' ಅಂತು."

ನೀರು ಇಳಿಯುವವರೆಗೂ ಸಣ್ಣಿ ಕಟ್ಟದ ಮೇಲೆ ನಿಂತು ಕೂಗಿದಳಂತೆ, ಒಂದೊಂದು ಕೂಗಿನ ನಡುವೆ ಒಂದು ಕವಳದಷ್ಟು ಹೊತ್ತು ಬಿಟ್ಟು. ಮೇಲೆ ಬರಲು ಯಾರೂ ಉಳಿದಿರಲಿಲ್ಲ. ಪಟ್ಟಣ ಕಾಯ್ದವಳೆಂದು ಹೊಗಳಿ ಕಲ್ಲು ನಿಲ್ಲಿಸಿದವನು ದುಗ್ಗಪ್ಪನೇ ಎನ್ನುತ್ತಾರೆ.

ಈಗ ಗಜನಿಯಲ್ಲಿ ನಾಲ್ಕಂತಸ್ತಿನ ಮನೆಗಳೆದ್ದಿವೆ, ನೆಲಮಾಳಿಗೆಯಲ್ಲಿ ಕಾವಲುಗಾರರ ಸಂಸಾರಗಳಿವೆ. ಕಲ್ಲಿನ ಪಕ್ಕದ ಕಂಬಕ್ಕೆ, ಕಬ್ಬಿಣದ ಬಾಗಿಲು ತೆರೆಯುವ ಮೊದಲು ಕೂಗಲೆಂದು, ನಗರಸಭೆ ನೆರೆಯ ಸೈರನ್ ಕಟ್ಟಿದೆ. ಆಷಾಢದಲ್ಲಿ ನೀರು ನೆಲಮಾಳಿಗೆಯ ಮೊದಲ ಮೆಟ್ಟಿಲಿಗೆ ಬಂದಾಗ, ಆ ಸಂಸಾರಗಳ ಹೆಂಗಸರು ಬಾಗಿಲಿಗೆ ಬಂದು ಕಂಬದ ಕಡೆ ಒಮ್ಮೆ ನೋಡುತ್ತಾರೆ. "ಇನ್ನೂ ಕೂಗ್ಲಿಲ್ಲ," ಎಂದು ಒಲೆಯ ಮುಂದೆ ಹೋಗಿ ಕೂರುತ್ತಾರೆ.