ಕಣಜದ ಕುಡಿಕೆಯೊಳಗೆ ಹೋದ ಹುಳು

“ಕೇಳಿರಿ, ಕಗ್ಗಲ್ಲಪುರದ ಜನರೇ! ಅರಮನೆ ಶಾಲೆಯ ಕೊನೆಯ ವರ್ಷದವರು ಒಪ್ಪಿಸಿದ ಪುಸ್ತಕಗಳಲ್ಲಿ ಕಣಜದ ಪುಸ್ತಕವೊಂದು ರಾಣಿ ಹೊನ್ನಾಜಮ್ಮನವರ ಮನಸ್ಸಿಗೆ ಹಿಡಿಸಿದೆ. ಬರೆದವರು ಸಭೆಗೆ ಬಂದು ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಅರಮನೆ ತೋಟದ ಯಜಮಾನಿಕೆ. ನಾನೇ ಬರೆದೆ ಎಂದು ಬಂದು ತಪ್ಪಿದವರಿಗೆ ತಲೆದಂಡ!”

ಡಂಗುರದವನು ಇಟ್ಟಿಗೆ ಸುಡುವವರ ಓಣಿಗೆ ಬಂದಾಗ ದುರುಗಿ ಮಣ್ಣು ತುಳಿಯುತ್ತಿದ್ದಳು. ಕೇಳಿದವಳೇ ಅಲ್ಲೇ ನಿಂತುಬಿಟ್ಟಳು. ಆ ಪುಸ್ತಕ ಅವಳದು.

ಆ ಶಾಲೆಯಲ್ಲಿ ಓದು ಮುಗಿಸುವವರು ಯಾವುದಾದರೊಂದು ಜೀವಿಯನ್ನು ವರ್ಷವಿಡೀ ನೋಡಬೇಕು, ಕಂಡದ್ದನ್ನು ಬರೆದು ಒಪ್ಪಿಸಬೇಕು. ಪುಸ್ತಕದ ಮೇಲೆ ಹೆಸರು ಇರಬಾರದು, ಗುರುವಿನ ಮುದ್ರೆ ಮಾತ್ರ ಇರಬೇಕು. ಹೆಸರು ನೋಡಿ ಮೆಚ್ಚುವುದು ಬೇಡವೆಂದು ಹಿರಿಯರು ಮಾಡಿದ ನಿಯಮ. ನಿಯಮ ಮಾಡುವವರಿಗೆ ಕಳ್ಳರ ನೆನಪೇ ಬರುವುದಿಲ್ಲ. ದೊಡ್ಡವರ ಮಕ್ಕಳು ನವಿಲು, ಜಿಂಕೆ ಎಂದು ಆರಿಸಿಕೊಂಡರು. ದುರುಗಿಗೆ ಸಿಕ್ಕಿದ್ದು ಮನೆ ಗೋಡೆಯಲ್ಲಿ ಮಣ್ಣಿನ ಪುಟ್ಟ ಕುಡಿಕೆ ಕಟ್ಟುವ ಕಣಜ. ಅರವತ್ತು ಕುಡಿಕೆ ನೋಡಿದಳು. ಒಮ್ಮೆ ರೆಪ್ಪೆಗೆ ಕುಟುಕಿಸಿಕೊಂಡು ಮೂರು ದಿನ ಒಂದೇ ಕಣ್ಣಲ್ಲಿ ನೋಡಿದಳು.

ಅವಳ ಅಕ್ಷರವೋ ಕಾಗೆ ಕಾಲು. “ಕೊಡೇ, ನಾನು ಅಂದವಾಗಿ ಬರೆದುಕೊಡ್ತೀನಿ” ಎಂದು ಗೆಳತಿ ಚೆನ್ನಾಜಿ ಒಯ್ದಳು. ಚೆನ್ನಾಜಿ ಅರಮನೆ ಅಧಿಕಾರಿಯ ಮಗಳು. ಮೂರು ವರ್ಷ ಇಬ್ಬರೂ ಒಂದೇ ಚಾಪೆಯಲ್ಲಿ ಕೂತವರು. ಆಮೇಲೆ ಪುಸ್ತಕವೂ ಬರಲಿಲ್ಲ, ಚೆನ್ನಾಜಿಯೂ ಬರಲಿಲ್ಲ. ದುರುಗಿ ಗುರು ಶಂಭುದೇವರ ಬಳಿಗೆ ಓಡಿದಳು.

“ಪುಸ್ತಕ ಒಪ್ಪಿಸದವರಿಗೆ ಶಾಲೆಯಲ್ಲಿ ಜಾಗ ಇಲ್ಲಮ್ಮ” ಎಂದರು ಅವರು. “ಇಟ್ಟಿಗೆ ಮಾಡೋದೂ ಒಳ್ಳೆ ಕೆಲಸವೇ.”

ನೀನು ನನ್ನ ಮಗಳಿದ್ದಂತೆ ಎಂದು ದಿನಕ್ಕೆರಡು ಸಲ ಹೇಳಿದ್ದ ಬಾಯಿ ಅದು.

ಸಭೆಗೆ ದುರುಗಿ ಬರುವ ಹೊತ್ತಿಗೆ ಚೆನ್ನಾಜಿ ಮುಂದೆ ನಿಂತಿದ್ದಳು. “ಅಕ್ಷರ ನನ್ನದೇ, ಹೋಲಿಸಿ ನೋಡಿ ತಾಯಿ” ಎಂದಳು. ರಾಣಿಯ ಮಡಿಲಲ್ಲಿ ಐದು ತಿಂಗಳ ಕೂಸಿತ್ತು. ಅದರ ಬೆನ್ನು ತಟ್ಟುತ್ತ ರಾಣಿ ಕೇಳಿದಳು:

“ತಾಯಿಯೊಬ್ಬಳು ಬುತ್ತಿ ತುಂಬಿಸಿ ಬಾಗಿಲು ಮುಚ್ಚಿ ಹೋದಳು. ಎಷ್ಟು ದಿನವಾದರೂ ಬುತ್ತಿ ಹಳಸಲಿಲ್ಲ, ಕಾಲಿದ್ದರೂ ಓಡಲಿಲ್ಲ. ಆ ಬುತ್ತಿ ಯಾವುದು?”

“ಹಸಿರು ಹುಳು” ಎಂದಳು ಚೆನ್ನಾಜಿ ಥಟ್ಟನೆ.

“ಸರಿ. ಬುತ್ತಿಗೂ ಮೊದಲೇ ತಾಯಿ ಆ ಮನೆಯಲ್ಲಿ ಮಗುವನ್ನು ಮಲಗಿಸಿದ್ದಳು. ಎಲ್ಲಿ ಮಲಗಿಸಿದಳು?”

ಚೆನ್ನಾಜಿ ತಡವರಿಸಿದಳು. “ನೆಲದ ಮೇಲೆ ತಾಯಿ... ಇನ್ನೆಲ್ಲಿ ಮಲಗಿಸ್ತಾರೆ?”

“ಬರೆದ ಕೈಗೆ ನೆನಪಿಲ್ಲವೇ? ನಾನೇ ಓದಿದ್ದೇನೆ, ನಾಲ್ಕನೇ ಹಾಳೆಯಲ್ಲಿದೆ.” ಕಾವಲಿನವರು ಅವಳನ್ನು ಪಕ್ಕಕ್ಕೆ ನಿಲ್ಲಿಸಿದರು.

ಆಗ ಎದ್ದವರು ಶಂಭುದೇವರು. ಚೆನ್ನಾಜಿಯ ಜೊತೆ ಸೇರಿ ಕದ್ದದ್ದು, ಯಜಮಾನಿಕೆ ಸಿಗುತ್ತದೆ ಎಂದಾಗ ಒಬ್ಬರಿಗೇ ಬೇಕಾಯಿತು. “ನಕಲು ಮಾಡಿದವಳು ಅವಳು, ಬರೆದವನು ನಾನು” ಎಂದರು. ಮೊದಲೆರಡು ಒಗಟನ್ನು ನೀರು ಕುಡಿದಂತೆ ಬಿಡಿಸಿದರು. ಅವರ ಬಾಯಿಂದ ಬರುತ್ತಿದ್ದದ್ದು ದುರುಗಿಯದೇ ಮಾತು. ರಾಣಿ ಮೂರನೆಯದನ್ನು ಕೇಳಿದಳು:

“ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ಕಣಜ. ಒಳಗೆ ಹೋದದ್ದು ಏನಾಯಿತು?”

ಗುರುಗಳು ನಕ್ಕರು. “ಇದು ತೊಟ್ಟಿಲ ಕೂಸಿಗೂ ಗೊತ್ತು ತಾಯಿ. ಕಣಜ ಸುತ್ತಲೂ ಗುಂಯ್‌ಗುಡುತ್ತದೆ. ಹುಳು ಅದನ್ನೇ ನೆನೆದು ನೆನೆದು ತಾನೂ ಕಣಜವಾಗುತ್ತದೆ. ಶಿಷ್ಯರು ಗುರುವಿನಂತೆ ಆಗುವುದೂ ಹೀಗೇ. ಪುಸ್ತಕದಲ್ಲಿ ಇದು ತಪ್ಪಾಗಿತ್ತು, ನಾನೇ ತಿದ್ದಿದೆ.”

“ತಪ್ಪಾಗಿತ್ತೇ? ಯಾರ ತಪ್ಪು?” ಎಂದಳು ರಾಣಿ.



ಹಿಂದಿನಿಂದ ದುರುಗಿ ಬಂದಳು. ಪಾದದ ಮಣ್ಣು ಇನ್ನೂ ಒಣಗಿರಲಿಲ್ಲ. “ಆ ತಪ್ಪು ನನ್ನದು ತಾಯಿ.”

“ಮೂರನ್ನೂ ಹೇಳು. ತಪ್ಪಿದರೆ ಏನೆಂದು ಗೊತ್ತಲ್ಲ?”

“ಗೊತ್ತು. ಬುತ್ತಿ ಹಸಿರು ಹುಳುವೇ. ಕೊಂದರೆ ಕೊಳೆಯುತ್ತೆ, ಹಾಗೇ ಬಿಟ್ಟರೆ ಓಡುತ್ತೆ. ಅದಕ್ಕೇ ಕಣಜ ಅದನ್ನ ಕುಟುಕಿ ಮರಗಟ್ಟಿಸಿ ತರುತ್ತೆ. ಮಗು ಅಂದರೆ ಮೊಟ್ಟೆ. ಅದನ್ನ ಚಾವಣಿಯಿಂದ ಎಳೆಯಲ್ಲಿ ತೂಗುಬಿಡುತ್ತೆ. ಮರಗಟ್ಟಿದ ಹುಳುವೂ ಆಗಾಗ ಮಿಸುಕುತ್ತೆ ತಾಯಿ, ಕೆಳಗಿಟ್ಟರೆ ಮೊಟ್ಟೆ ನುಜ್ಜುಗುಜ್ಜಾಗುತ್ತೆ.”

“ಮೂರನೆಯದು?”

ದುರುಗಿ ಗುರುಗಳ ಮುಖ ನೋಡಿದಳು. “ಹುಳು ಏನೂ ಆಗಲಿಲ್ಲ. ಮೊಟ್ಟೆಯೊಡೆದು ಬಂದ ಮರಿ ಅದನ್ನ ತಿಂದು ಬೆಳೀತು. ಅರವತ್ತು ಕುಡಿಕೆಯಲ್ಲಿ ಒಂದರಲ್ಲೂ ಹುಳು ಕಣಜ ಆಗಲಿಲ್ಲ. ನಾನೂ ಗುರುಗಳ ಹಾಗೆ ಆಗ್ತೀನಿ ಅಂತ ಮೂರು ವರ್ಷ ನಂಬಿದ್ದೆ.”



“ಬಾಣಂತಿ ಕೋಣೆಯ ಕಿಟಕಿಯಲ್ಲಿ ಕಣಜ ಕುಡಿಕೆ ಕಟ್ಟಿತ್ತು, ನನಗೂ ಅದನ್ನು ನೋಡುವುದೇ ಕೆಲಸವಾಗಿತ್ತು” ಎಂದಳು ರಾಣಿ. “ಕುಡಿಕೆ ಒಡೆದೂ ನೋಡಿದೆ. ಪುಸ್ತಕವೆಲ್ಲ ಸರಿಯಿತ್ತು, ಕೊನೆಯ ಹಾಳೆ ಮಾತ್ರ ನೋಡದವರು ಬರೆದದ್ದು. ಬರೆದವರನ್ನು ಹುಡುಕಲೆಂದೇ ಡಂಗುರ ಹೊಡೆಸಿದೆ.”

ಶಂಭುದೇವರು ದುರುಗಿಯ ಕಡೆ ತಿರುಗಿದರು. “ನಿನಗೆ ಅಕ್ಷರ ಕಲಿಸಿದ್ದು ನಾನಲ್ಲವೇ ಮಗಳೇ?”

“ಹೌದು. ಅದಕ್ಕಾಗಿ ಇವರ ತಲೆ ಉಳಿಯಲಿ ತಾಯಿ, ಚೆನ್ನಾಜಿಯದೂ ಉಳಿಯಲಿ. ಮಗಳೇ ಅನ್ನೋದನ್ನ ಮಾತ್ರ ನಿಲ್ಲಿಸಲಿ.”

ರಾಣಿ ಒಪ್ಪಿದಳು. ಗುರುಗಳು ಊರು ಬಿಟ್ಟರು. ಪುಸ್ತಕದ ಮೇಲೆ ದುರುಗಿಯ ಹೆಸರು ಬಂತು, ತೋಟದ ಯಜಮಾನಿಕೆಯೂ ಬಂತು. ಒಂದು ದಿನ ಚೆನ್ನಾಜಿ ತೋಟದ ಬೇಲಿಯ ಬಳಿ ಬಂದು ಅತ್ತಳು.

“ನನ್ನ ನವಿಲು ಸತ್ತುಹೋಗಿತ್ತು ಕಣೇ. ಒಪ್ಪಿಸೋಕೆ ನನ್ನ ಹತ್ರ ಏನೂ ಇರಲಿಲ್ಲ. ಗುರುಗಳೇ ದಾರಿ ಹೇಳಿಕೊಟ್ಟರು.”

“ನನಗೆ ಹೇಳಬಾರದಿತ್ತೇನೇ?” ಎಂದಳು ದುರುಗಿ. “ಕಣಜದ ಗೋಡೆಯಲ್ಲಿ ಅರ್ಧ ನಿನಗೆ ಬಿಟ್ಟುಕೊಡ್ತಿದ್ದೆ.”

ರಾಣಿಯ ಮೂರು ಒಗಟಿಗೆ ಅಂದೇ ಉತ್ತರ ಸಿಕ್ಕಿತು. ಈ ಪ್ರಶ್ನೆಗೆ ಚೆನ್ನಾಜಿ ಇನ್ನೂ ಉತ್ತರ ಕೊಟ್ಟಿಲ್ಲವಂತೆ.