ಕೂಗು ನಿಂತ ಕೋಣೆ

ಹಿಪ್ಪೆಮರದ ಎಲೆಯೊಂದಕ್ಕೆ ಹಸಿದ ಶಿಲೀಂಧ್ರವೊಂದು ಬಂತು. ಜೀವವಿರುವ ಕಡೆ ಮಾತ್ರ ಅದಕ್ಕೆ ಊಟ. ಎಲೆಯ ಕಿಂಡಿಯಲ್ಲಿ ತೂರಿ, ಜೀವಕೋಶವೊಂದರ ಗೋಡೆ ಕೊರೆದು ಒಳಗೆ ಇಣುಕಿತು. ಅಲ್ಲೊಂದು ಪ್ರೋಟೀನು ಬಿಡುವಿಲ್ಲದೆ, “ಎಲ್ಲ ಕ್ಷೇಮ, ಎಲ್ಲ ಕ್ಷೇಮ” ಎಂದು ಕೂಗುತ್ತಿತ್ತು.

‘ಇವನೇ ಕಾವಲುಗಾರ. ಇವನ ಬಾಯಿ ಕಟ್ಟಿದರೆ ಇಡೀ ಮರ ನನ್ನದೇ’ ಎಂದುಕೊಂಡ ಶಿಲೀಂಧ್ರ ಮೆಲ್ಲನೆ ಕೈಚಾಚಿ ಅದರ ಬಾಯಿ ಮುಚ್ಚಿತು. ಕೂಗು ನಿಂತಿತು. ಶಿಲೀಂಧ್ರಕ್ಕೆ ಹಿಗ್ಗೋ ಹಿಗ್ಗು.

ಆಗ ಆ ಜೀವಕೋಶದ ಕೋಣೆಯ ಮೂಲೆಯಿಂದ ಯಾರೋ ಎದ್ದರು. ಹುಟ್ಟಿದಂದಿನಿಂದ ತುಟಿ ಬಿಚ್ಚದ ಮುದಿ ಪ್ರೋಟೀನು ಅದು. ಅವಸರವಿಲ್ಲದೆ ಒಂದೊಂದೇ ಬಾಗಿಲಿಗೆ ಅಗುಳಿ ಹಾಕತೊಡಗಿತು.

“ಅಜ್ಜಾ, ನಾನು ಒಳಗೆ ಬಂದಾಗ ನೀವು ತಲೆಯೆತ್ತಿಯೂ ನೋಡಲಿಲ್ಲವಲ್ಲ!” ಎಂದಿತು ಶಿಲೀಂಧ್ರ.

“ನಿನ್ನನ್ನು ನೋಡುವುದು ನನ್ನ ಕೆಲಸವಲ್ಲಪ್ಪ. ಇವನ ಕೂಗು ಕೇಳಿಸಿಕೊಳ್ಳುವುದಷ್ಟೇ ನನ್ನ ಕೆಲಸ. ಅದು ನಿಂತಿತು.”

ಅಜ್ಜ ಬಿಟ್ಟ ವಿಷ ಕೋಣೆಯಲ್ಲಿ ಏರತೊಡಗಿತು. ಶಿಲೀಂಧ್ರ ಬಾಗಿಲು ಬಡಿಯಿತು. “ಹೀಗೆ ಮಾಡಿದರೆ ನೀವೂ ಸಾಯುತ್ತೀರಿ!”

“ಹೌದು. ಅದಕ್ಕೇ ನನ್ನನ್ನು ಇಲ್ಲಿ ಕೂರಿಸಿದ್ದಾರೆ. ಸತ್ತ ಮನೆಯಲ್ಲಿ ನಿನಗೆ ಊಟವಿಲ್ಲ. ಬಾ, ಪಕ್ಕದಲ್ಲಿ ಕೂತುಕೋ.”

ಹೊರಗೆ, ಎಲೆಯ ಮೇಲೆ ಆ ಕೋಣೆಯಿದ್ದಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮೂಡುತ್ತಿತ್ತು. ಕಣ್ಣು ಮಂಜಾಗುತ್ತಿದ್ದ ಶಿಲೀಂಧ್ರಕ್ಕೆ ಗೋಡೆಯಾಚೆಯಿಂದ ಇನ್ನೊಂದು ದನಿ ಕೇಳಿಸಿತು: “ಎಲ್ಲ ಕ್ಷೇಮ, ಎಲ್ಲ ಕ್ಷೇಮ.”

ಆ ಕೋಣೆಯ ಮೂಲೆಯಲ್ಲೂ ಒಬ್ಬರು ಮಾತಿಲ್ಲದೆ ಕೂತಿದ್ದಾರೆಂದು ಅದಕ್ಕೀಗ ಗೊತ್ತಿತ್ತು.