ಮುನ್ನೂರು ಸೆಂಟಿಮೀಟರ್ ನೀರು

"ಗುರುಗಳೇ, ನನಗೆ ಕೊನೆಯ ಸಲ ಸಿಟ್ಟು ಬಂದು ಒಂಬತ್ತು ವರ್ಷವಾಯಿತು. ಅದನ್ನು ಗೆದ್ದಿದ್ದೇನೆ ಎಂದುಕೊಳ್ಳಬಹುದೇ?" ಎಂದು ಚನ್ನವೀರನೆಂಬ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಎಂಜಿನಿಯರ್ ಇದ್ದ. ಒಂದು ಅಣೆಕಟ್ಟೆಯ ಗೇಟುಗಳನ್ನು ಏರಿಸಿ ಇಳಿಸುವ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಬಂತು. ಅದರ ಕರ್ನಲ್, ಎಂದರೆ ಉಳಿದೆಲ್ಲ ಪ್ರೋಗ್ರಾಂಗಳನ್ನು ನಡೆಸುವ ಮೂಲ ಪ್ರೋಗ್ರಾಂ, ಹಳೆಯ ಪ್ರೊಸೆಸರಿಗಾಗಿ ಬರೆದದ್ದು. ಅದನ್ನು ಹೊಸದಕ್ಕೆ ಹೊಂದಿಸುವ ಕೆಲಸ ಅವನ ಪಾಲಿಗೆ ಬಂತು.

ಕಂಪ್ಯೂಟರ್ ಅಂಕಿ ಇಡುವ ಗೂಡಿಗೆ ಬೈಟು ಎನ್ನುತ್ತಾರೆ; ಇನ್ನೂರ ಐವತ್ತೈದಕ್ಕಿಂತ ದೊಡ್ಡ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಸುವುದಿಲ್ಲ. ಎರಡು ಬೈಟುಗಳಿಗೆ ಹಂಚಿ ಇಡಬೇಕು. ಹಳೆಯ ಪ್ರೊಸೆಸರ್ ಬಿಡಿ ಸ್ಥಾನದಂಥ ಕಿರಿಯ ಭಾಗವನ್ನು ಮೊದಲು ಇಡುತ್ತಿತ್ತು, ಹೊಸದು ಹಿರಿಯ ಭಾಗವನ್ನು. ನೀರಿನ ಮಟ್ಟ ಅಳೆಯುವ ಉಪಕರಣ ಮಾತ್ರ ಹಳೆಯ ಕ್ರಮದಲ್ಲೇ ಅಂಕಿ ಕಳಿಸುತ್ತಿತ್ತು. ಆದ್ದರಿಂದ ಹೊರಗಿನ ಅಂಕಿ ಒಳಬರುವ ಕಡೆಯಲ್ಲೆಲ್ಲ ಅದನ್ನು ತಿರುಗಿಸಿ ಇಡಬೇಕಾಗಿತ್ತು.

ಅವನು ಸೋಮಾರಿಯಲ್ಲ. ಏಳು ತಿಂಗಳು ದುಡಿದ, ದಿನವೂ ಪರೀಕ್ಷೆ ಮಾಡಿದ. ಎರಡು ಬೈಟಿಗೆ ಒಂದು, ಒಂದು ಎಂದೋ ಎರಡು, ಎರಡು ಎಂದೋ ಅಂಕಿ ತುಂಬಿ ಕಳಿಸುವುದು ಅವನ ರೂಢಿ, ಬರೆಯಲು ಸುಲಭ. ಉತ್ತರ ಪ್ರತಿ ಸಲವೂ ಸರಿಯಾಗಿ ಬಂತು. ನೆಮ್ಮದಿಯಿಂದ ಅಣೆಕಟ್ಟೆಗೆ ಹೋಗಿ ಯಂತ್ರವನ್ನು ಕೂಡಿಸಿದ.

ಗೇಟು ನೋಡಿಕೊಳ್ಳುತ್ತಿದ್ದವಳು ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಹೆಂಗಸು. ಹೊಸ ಯಂತ್ರ ಒಂದು ದಿನ ನಡೆಯುವುದನ್ನು ನೋಡದೆ ಗೇಟುಗಳ ಬೀಗ ತೆಗೆಯುವುದಿಲ್ಲ ಎಂದಳು. ಅವನಿಗೆ ಸ್ವಲ್ಪ ಅವಮಾನವೆನಿಸಿತು.

ಆ ಬೆಳಿಗ್ಗೆ ನೀರು ಮುನ್ನೂರು ಸೆಂಟಿಮೀಟರ್ ಇತ್ತು. ಯಂತ್ರ ಅದನ್ನು ಹನ್ನೊಂದು ಸಾವಿರದ ಇನ್ನೂರ ಅರವತ್ತೈದು ಎಂದು ಓದಿ, ನೆರೆ ಬಂದಿದೆಯೆಂದು ಎಲ್ಲ ಗೇಟುಗಳನ್ನೂ ತೆರೆಯಲು ಹೊರಟಿತು. ಮೋಟಾರುಗಳು ಗುರುಗುಟ್ಟಿದವು, ಬೀಗಗಳು ತಡೆದವು. ಕೆಳಗೆ ಹೊಳೆಯಲ್ಲಿ ಜನ ಬಟ್ಟೆ ಒಗೆಯುತ್ತಿದ್ದರು. ಅವಳು ಯಂತ್ರವನ್ನು ಆರಿಸಿದಳು. ಅವನು ಅಲ್ಲೇ ಕುಳಿತ.

"ಎರಡು ಸಾವಿರ ಸಲ ಪರೀಕ್ಷೆ ಮಾಡಿದ್ದೇನಮ್ಮ. ಒಮ್ಮೆಯೂ ತಪ್ಪಲಿಲ್ಲ" ಎಂದ.

"ಯಾವ ಅಂಕಿ ಹಾಕಿ ನೋಡಿದಿರಿ, ಸಾರ್?"

ಅವನು ಕಾಗದದ ಮೇಲೆ ಬರೆಯತೊಡಗಿದ. ಒಂದು, ಒಂದು. ಎರಡು, ಎರಡು. ಬರೆಯುತ್ತಿದ್ದ ಕೈ ನಿಂತಿತು. ಎಡದಿಂದ ಓದಿದರೂ ಬಲದಿಂದ ಓದಿದರೂ ಅವು ಒಂದೇ. ಮುನ್ನೂರು ಹಾಗಲ್ಲ, ಅದರ ಎರಡು ಬೈಟುಗಳು ಒಂದು ಮತ್ತು ನಲವತ್ತನಾಲ್ಕು; ಅದಲುಬದಲಾದರೆ ಹನ್ನೊಂದು ಸಾವಿರ ದಾಟುತ್ತದೆ. ಮಟ್ಟದ ಅಂಕಿ ಒಳಬರುವ ಕಡೆ ತಿರುಗಿಸುವ ಸಾಲನ್ನೇ ಅವನು ಬರೆದಿರಲಿಲ್ಲ. ಎರಡು ಸಾವಿರ ಪರೀಕ್ಷೆಗಳಲ್ಲಿ ಒಂದೂ ಅದನ್ನು ಅವನಿಗೆ ಹೇಳಿರಲಿಲ್ಲ.

"ನಮ್ಮ ಹೊಳೆ ಇಂಥ ಅಂಕಿ ನೋಡಿಕೊಂಡು ನಿಲ್ಲುವುದಿಲ್ಲ, ಸಾರ್" ಎಂದು ಅವಳು ದಿನದಿನದ ಮಟ್ಟ ಬರೆದಿಟ್ಟ ತನ್ನ ರಿಜಿಸ್ಟರನ್ನು ಅವನ ಕೈಗಿಟ್ಟಳು.

ಅವನು ಅದನ್ನು ಒಯ್ದು, ಬೇಸಿಗೆಯ ಅಂಕಿ, ನೆರೆಯ ಅಂಕಿ ಎನ್ನದೆ ಪ್ರತಿಯೊಂದನ್ನೂ ಹಾಕಿ ನೋಡಿದ. ಇನ್ನೂ ಆರು ಕಡೆ ಅದೇ ತಪ್ಪು ಸಿಕ್ಕಿತು. ಎಲ್ಲವನ್ನೂ ತಿದ್ದಿ ಎರಡು ತಿಂಗಳ ಮೇಲೆ ಬಂದ. ಯಂತ್ರ ಒಂದು ದಿನ ಸರಿಯಾಗಿ ನಡೆದ ಮೇಲೆ ಅವಳು ಬೀಗ ತೆಗೆದಳು. ಈ ಸಲ ಅವನಿಗೆ ಅವಮಾನವೆನಿಸಲಿಲ್ಲ.

ಇಷ್ಟು ಹೇಳಿ ಗುರುಗಳು ಶಿಷ್ಯನ ಕಡೆ ನೋಡಿದರು.

"ಈ ಒಂಬತ್ತು ವರ್ಷದಲ್ಲಿ ನಿನ್ನ ಮಾತಿಗೆ ಎದುರಾಡಿದವರು ಯಾರು, ಚನ್ನವೀರ?"

ಚನ್ನವೀರನಿಗೆ ಒಬ್ಬರ ಹೆಸರೂ ನೆನಪಾಗಲಿಲ್ಲ.